ಹೊಸ ಬಡಾವಣೆಯ ಕೀಲಿ ಯಾರ ಕೈಗೆ? ಸಾಮಾಜಿಕ ವಸತಿ ಹಂಚುವ ದಾರಿಗಳ ಹೋಲಿಕೆ

ಹಳೇ ಬಡಾವಣೆಯಲ್ಲಿ ವರ್ಷಕ್ಕೆ ನಾಲ್ಕೈದು ಮನೆ ಖಾಲಿಯಾಗುತ್ತವೆ. ಹೊಸಬರು ಒಬ್ಬೊಬ್ಬರಾಗಿ ಬರುತ್ತಾರೆ. ಕಸದ ಗಾಡಿ ಯಾವ ದಿನ ಬರುತ್ತೆ, ಮೇಲಿನ ಮನೆಯ ಅಜ್ಜಿಗೆ ಎಷ್ಟು ಗಂಟೆಯ ಮೇಲೆ ಸದ್ದು ಮಾಡಿದರೆ ಸಿಟ್ಟು ಬರುತ್ತೆ ಅನ್ನೋದನ್ನೆಲ್ಲ ಪಕ್ಕದವರು ಹೇಳಿಕೊಡುತ್ತಾರೆ. ಹೊಸ ಬಡಾವಣೆಯಲ್ಲಿ ಹಾಗಲ್ಲ. ಅರವತ್ತು ಮನೆಗಳ ಸಾಮಾನು ಒಂದೇ ವಾರದಲ್ಲಿ ಬಂದು ಇಳಿಯುತ್ತದೆ. ಲಿಫ್ಟ್ ಇರೋದು ಒಂದೇ. ಯಾರಿಗೂ ಯಾರ ಪರಿಚಯವೂ ಇಲ್ಲ. ಹೇಳಿಕೊಡೋಕೆ ಹಳಬರೇ ಇಲ್ಲ.

ಅದಕ್ಕೇ ಮೊದಲ ಸಲದ ಹಂಚಿಕೆಯನ್ನು ಮಾಮೂಲಿ ಹಂಚಿಕೆಯ ಹಾಗೆ ಮಾಡಬಾರದು. ಆ ಮೊದಲ ದಿನಗಳಲ್ಲಿ ಯಾರು ಒಳಗೆ ಬರುತ್ತಾರೋ ಅವರ ಜತೆಗೇ ಆ ಜಾಗ ಮುಂದಿನ ಇಪ್ಪತ್ತು ವರ್ಷ ಬದುಕಬೇಕು.

ಸಾಮಾಜಿಕ ವಸತಿ ಅಂದರೆ ಸರ್ಕಾರವೋ, ನಗರಾಡಳಿತವೋ, ಲಾಭದ ಗುರಿಯಿಲ್ಲದ ವಸತಿ ಸಂಸ್ಥೆಯೋ ಮಾರುಕಟ್ಟೆಗಿಂತ ಕಡಿಮೆ ಬಾಡಿಗೆಗೆ ಕೊಡುವ ಮನೆ. ಕೆಲವು ದೇಶಗಳಲ್ಲಿ ಮಾರುವುದೂ ಉಂಟು. ಎಲ್ಲ ಕಡೆಯೂ ಮನೆ ಕಮ್ಮಿ, ಕೇಳುವವರು ಜಾಸ್ತಿ. ಹಂಚುವ ನಿಯಮ ಬರೆಯೋಕೆ ಕೂತ ಸಮಿತಿಯಲ್ಲಿ ನೀವಿದ್ದರೆ, ಅಥವಾ ಆ ನಿಯಮವನ್ನು ಪ್ರಶ್ನಿಸುವ ಕಡೆ ಇದ್ದರೆ, ಮುಂದಿರುವ ದಾರಿಗಳು ಐದಾರು. ಒಂದೊಂದರ ಗುಣವೂ ಬೇರೆ, ತಂಟೆಯೂ ಬೇರೆ.

ಮೊದಲು ಒಂದು ಲೆಕ್ಕ ಮಾಡೋಣ

60 ಮನೆಗಳ ಒಂದು ಕಟ್ಟಡ ಅಂದುಕೊಳ್ಳಿ. 20 ಮನೆಗೆ ಒಂದು ಮಲಗುವ ಕೋಣೆ, 30ಕ್ಕೆ ಎರಡು, 10ಕ್ಕೆ ಮೂರು. ಯಾರ ಕಷ್ಟ ದೊಡ್ಡದೋ ಅವರಿಗೆ ಮೊದಲು, ಒಂದು ಕೋಣೆಯೂ ಸುಮ್ನೆ ಖಾಲಿ ಇರಬಾರದು ಅನ್ನೋ ನಿಯಮದಲ್ಲಿ ಹಂಚಿದಿರಿ. ಒಂದು ಕೋಣೆಯ ಮನೆಗಳಿಗೆ 20 ಒಂಟಿ ಜನ ಬಂದರು. ಎರಡು ಕೋಣೆಯ 30 ಮನೆಗೂ ಎರಡೆರಡು ಮಕ್ಕಳಿರುವ ಸಂಸಾರಗಳೇ. ಅದರಲ್ಲಿ ಅರ್ಧದಷ್ಟು ಒಬ್ಬರೇ ಪೋಷಕರಿರುವ ಮನೆ. ಮೂರು ಕೋಣೆಯ 10 ಮನೆಗೆ ಮೂರು ಮೂರು ಮಕ್ಕಳ ದಂಪತಿಗಳು.

ಎಣಿಸಿ. ಮಕ್ಕಳು 60 ಮತ್ತು 30, ಒಟ್ಟು 90. ದೊಡ್ಡವರು 20, 45, ಮತ್ತೆ 20, ಒಟ್ಟು 85. ಅಂದರೆ ಮಕ್ಕಳ ಸಂಖ್ಯೆ ದೊಡ್ಡವರಿಗಿಂತ ಜಾಸ್ತಿ. ಮನೆಗೆ ಕಾಯುವವರ ಪಟ್ಟಿಯ ಮೇಲ್ತುದಿಯಲ್ಲಿ ಇರೋದು ಹೆಚ್ಚಾಗಿ ಚಿಕ್ಕ ವಯಸ್ಸಿನ ಸಂಸಾರಗಳು. ಹಾಗಾಗಿ ಆ 90 ಮಕ್ಕಳೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಮೊದಲ ವರ್ಷ ಜಾರುಬಂಡೆ ಸಾಲಲ್ಲ. ಹತ್ತು ವರ್ಷಕ್ಕೆ ಅಷ್ಟೂ ಮಂದಿ ಹದಿಹರೆಯಕ್ಕೆ ಬಂದಿರುತ್ತಾರೆ, ಅವರಿಗೆ ಕೂರೋಕೆ ಮೆಟ್ಟಿಲು ಬಿಟ್ಟರೆ ಬೇರೆ ಜಾಗ ಇರಲ್ಲ. ಇಪ್ಪತ್ತು ವರ್ಷಕ್ಕೆ ಬಹುಪಾಲು ಮಕ್ಕಳು ಮನೆ ಬಿಟ್ಟು ಹೋಗಿರುತ್ತಾರೆ, ಪಕ್ಕದ ಶಾಲೆಯಲ್ಲಿ ಬೆಂಚು ಖಾಲಿ.

ಈಗ ಅದೇ ಕಟ್ಟಡವನ್ನು ಸ್ವಲ್ಪ ಬೇರೆ ಥರ ಹಂಚಿ. ಎರಡು ಕೋಣೆಯ 30ರಲ್ಲಿ 18 ಮನೆ ಮೊದಲಿನ ಹಾಗೇ, ಎರಡು ಮಕ್ಕಳ ಸಂಸಾರಕ್ಕೆ. 8 ಮನೆ ಒಂದೇ ಮಗು ಇರುವವರಿಗೆ. ಉಳಿದ 4 ಮನೆ, ಬೇರೆ ಕಡೆ ಸಾಮಾಜಿಕ ವಸತಿಯ ಮೂರು ಕೋಣೆಯ ಮನೆಯಲ್ಲಿ ಇಬ್ಬರೇ ಉಳಿದುಕೊಂಡಿರುವ ವಯಸ್ಸಾದ ದಂಪತಿಗಳಿಗೆ. ಮೂರು ಕೋಣೆಯ 10ರಲ್ಲಿ ನಾಲ್ಕು ಮನೆ ಎರಡು ಮಕ್ಕಳವರಿಗೆ. ಒಂದು ಕೋಣೆಯ 20ರಲ್ಲಿ ಎಂಟಕ್ಕೆ ಜೋಡಿಗಳು. ಮಕ್ಕಳು 70ಕ್ಕೆ ಇಳಿದರು. ಎರಡು ಕೋಣೆಯ ಮನೆಗಳಲ್ಲಿ ಹತ್ತು ಮಾತ್ರ ಒಂಟಿ ಪೋಷಕರದ್ದು ಅಂತಾದರೆ ದೊಡ್ಡವರು 98. ಶೇ 51 ಇದ್ದ ಮಕ್ಕಳ ಪಾಲು ಶೇ 42ರ ಹತ್ತಿರಕ್ಕೆ ಬಂತು.

ಆ ನಾಲ್ಕು ವೃದ್ಧ ದಂಪತಿಗಳನ್ನು ನೋಡಿ. ಅವರು ಬಂದದ್ದರಿಂದ ಬೇರೆ ಕಡೆ ನಾಲ್ಕು ದೊಡ್ಡ ಮನೆ ಖಾಲಿಯಾದವು. ಪಟ್ಟಿಯಲ್ಲಿ ಕಾಯುತ್ತಿದ್ದ ನಾಲ್ಕು ದೊಡ್ಡ ಸಂಸಾರಗಳು ಅಲ್ಲಿಗೆ ಹೋದವು. ಯಾರ ಹೆಸರೂ ಪಟ್ಟಿಯಿಂದ ಬಿದ್ದುಹೋಗಲಿಲ್ಲ, ಯಾರು ಎಲ್ಲಿಗೆ ಅನ್ನೋದಷ್ಟೇ ಬದಲಾಯಿತು. ಇದನ್ನು ಸರಪಳಿ ಹಂಚಿಕೆ ಅನ್ನಬಹುದು. ನನ್ನ ಪ್ರಕಾರ ಹೊಸ ಬಡಾವಣೆಯಲ್ಲಿ ಮಾಡಬಹುದಾದ ಅತಿ ಒಳ್ಳೆಯ ಕೆಲಸ ಇದೇ. ಆದರೂ ಸಭೆಗಳಲ್ಲಿ ಇದರ ಸುದ್ದಿ ಎತ್ತುವವರು ಕಮ್ಮಿ.

ಬರೀ ಅಗತ್ಯದ ಪಟ್ಟಿ

ಕಷ್ಟ ನೋಡಿ ಅಂಕ ಕೊಡೋದು, ಅಥವಾ ಗುಂಪು ಮಾಡೋದು. ಇಂಗ್ಲೆಂಡಿನಲ್ಲಿ ಇದಕ್ಕೆ ಕಾನೂನಿನ ಬಲವೇ ಇದೆ. 1996ರ ವಸತಿ ಕಾಯ್ದೆಯ ಪ್ರಕಾರ ಮನೆಯಿಲ್ಲದವರು, ಇಕ್ಕಟ್ಟಿನಲ್ಲೋ ವಾಸಕ್ಕೆ ಯೋಗ್ಯವಲ್ಲದ ಮನೆಯಲ್ಲೋ ಇರುವವರು, ಆರೋಗ್ಯ ಅಥವಾ ಕ್ಷೇಮದ ಕಾರಣಕ್ಕೆ ಮನೆ ಬದಲಿಸಲೇಬೇಕಾದವರು ಮೊದಲಾದವರಿಗೆ ಆದ್ಯತೆ ಕೊಡಲೇಬೇಕು.

ಇದರ ನ್ಯಾಯದ ಬಗ್ಗೆ ತಕರಾರೇ ಇಲ್ಲ. ತಕರಾರಿರೋದು ಎಲ್ಲರನ್ನೂ ಒಂದೇ ಕಡೆ, ಒಂದೇ ದಿನ ತಂದು ಕೂರಿಸುವುದರ ಬಗ್ಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ವಸತಿಯನ್ನೂ ನೋಡಿಕೊಳ್ಳುತ್ತಿದ್ದ ಮಂತ್ರಿ ಅನ್ಯೂರಿನ್ ಬೆವನ್ ಅವರ ಕನಸು ಬೇರೆಯದೇ ಆಗಿತ್ತು. ಡಾಕ್ಟರು, ಅಂಗಡಿಯವನು, ಕೂಲಿಯವನು ಒಂದೇ ಬೀದಿಯಲ್ಲಿ ಇರಬೇಕು ಅನ್ನೋದು ಅವರ ಆಸೆ. ಸರ್ಕಾರಿ ಮನೆ ದುಡಿಯುವ ವರ್ಗಕ್ಕೆ ಮಾತ್ರ ಅನ್ನೋ ಮಾತನ್ನು 1949ರಲ್ಲಿ ಕಾಯ್ದೆಯಿಂದಲೇ ತೆಗೆಸಿದರು. ಆಮೇಲೆ ಕಾಲ ಬದಲಾಯಿತು. 1977ರ ಕಾಯ್ದೆ ಮನೆಯಿಲ್ಲದ ಸಂಸಾರಗಳ ಹೊಣೆಯನ್ನು ನಗರಾಡಳಿತಗಳ ಮೇಲೆ ಹಾಕಿತು. 1980ರಿಂದ ಬಾಡಿಗೆದಾರರು ತಾವಿದ್ದ ಮನೆಯನ್ನೇ ಕೊಳ್ಳುವ ಹಕ್ಕು ಪಡೆದರು. ಒಳ್ಳೊಳ್ಳೆ ಮನೆಗಳು ಮಾರಿಹೋದವು. ಉಳಿದದ್ದು ಕಮ್ಮಿ, ಅದಕ್ಕೆ ಕಾದಿದ್ದವರು ತೀರಾ ಕಷ್ಟದಲ್ಲಿದ್ದವರು. ಬೇಕೆಂದು ಯಾರೂ ಮಾಡಿದ್ದಲ್ಲ, ಆದರೆ ಬೆವನ್ ಕಂಡಿದ್ದ ಬೀದಿ ಕಾಣೆಯಾಯಿತು.

ಇದು ಹೊಸ ಬಡಾವಣೆಗಳಲ್ಲಿ ಹೇಗೆ ಕಾಣುತ್ತೆ ಅಂತ 1993ರಲ್ಲಿ, ಬಡತನ ಮತ್ತು ವಸತಿಯ ಅಧ್ಯಯನ ಮಾಡುವ ಬ್ರಿಟನ್ನಿನ ಜೋಸೆಫ್ ರೌಂಟ್ರಿ ಪ್ರತಿಷ್ಠಾನಕ್ಕಾಗಿ ಡೇವಿಡ್ ಪೇಜ್ ಒಂದು ವರದಿ ಬರೆದರು. ವಸತಿ ಸಂಸ್ಥೆಗಳು ಕಟ್ಟಿದ ದೊಡ್ಡ ಬಡಾವಣೆಗಳು ಹೊಸದಾಗಿದ್ದರೂ ಬೇಗ ಹದಗೆಡುತ್ತಿದ್ದವು. ಮಕ್ಕಳ ದಟ್ಟಣೆ, ಕೆಲಸವಿಲ್ಲದ ಮನೆಗಳು ಒಂದೆಡೆ ಸೇರಿದ್ದು ಕಾರಣಗಳಲ್ಲಿ ಮುಖ್ಯ. ಗೋಡೆ ಹೊಸದು, ನಲ್ಲಿ ಹೊಸದು, ಆದರೂ ಜನ ಹೋಗಿಬಿಡೋಕೆ ನೋಡುತ್ತಿದ್ದರು. ಹೊಸ ಬಡಾವಣೆಗೇ ಬೇರೆ ಹಂಚಿಕೆ ಯೋಜನೆ ಬೇಕು ಅನ್ನೋ ವಿಚಾರಕ್ಕೆ ಅಲ್ಲಿ ಗಟ್ಟಿ ಬಲ ಬಂತು.

ಹತ್ತು ಮನೆಗಳ ಚಿಕ್ಕ ಬಡಾವಣೆ, ಸುತ್ತ ಹಳೇ ಮನೆಗಳಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅಗತ್ಯದ ಪಟ್ಟಿಯೇ ಸಾಕು. ಹತ್ತು ಸಂಸಾರಗಳನ್ನು ಅಕ್ಕಪಕ್ಕದ ಬೀದಿಗಳೇ ಒಳಗೆ ಮಾಡಿಕೊಳ್ಳುತ್ತವೆ.

ಸರದಿ ಮತ್ತು ಲಾಟರಿ

ಮೊದಲು ಅರ್ಜಿ ಹಾಕಿದವರಿಗೆ ಮೊದಲು ಅನ್ನೋದು ಎಲ್ಲರಿಗೂ ಅರ್ಥವಾಗುವ ನಿಯಮ. ಅದಕ್ಕಿಂತ ಹೆಚ್ಚು ಹೇಳೋಕೆ ಇಲ್ಲ. ಕಾಯೋಕೆ ಆಗದವರೇ ಹೆಚ್ಚು ಕಷ್ಟದಲ್ಲಿರುವವರು, ಅವರಿಗೇ ಇದು ಮೋಸ.

ಲಾಟರಿ ಸ್ವಲ್ಪ ಕುತೂಹಲದ್ದು. ನ್ಯೂಯಾರ್ಕ್‌ನಲ್ಲಿ ಖಾಸಗಿ ಕಟ್ಟಡಗಳ ಒಳಗೆ ಕಡಿಮೆ ಬಾಡಿಗೆಯ ಮನೆಗಳನ್ನು ಆದಾಯದ ಹಂತಗಳನ್ನಿಟ್ಟುಕೊಂಡು ಲಾಟರಿಯಲ್ಲೇ ಕೊಡುತ್ತಾರೆ. 2015ರಲ್ಲಿ ಮ್ಯಾನ್‌ಹ್ಯಾಟನ್‌ನ ಒಂದು ಕಟ್ಟಡದ 55 ಮನೆಗೆ 88,000ಕ್ಕೂ ಜಾಸ್ತಿ ಅರ್ಜಿ ಬಂದಿದ್ದವು. ಒಂದು ಮನೆಗೆ 1,600 ಜನ! ಅಷ್ಟು ಜನರ ನಡುವೆ ಯಾರ ಕಷ್ಟ ಯಾರದಕ್ಕಿಂತ ದೊಡ್ಡದು ಅಂತ ತೂಗುತ್ತಾ ಕೂರೋದಕ್ಕಿಂತ ಚೀಟಿ ಎತ್ತುವುದೇ ಮರ್ಯಾದೆ ಅನ್ನಿಸಬಹುದು. ಶಿಫಾರಸು ನಡೆಯಲ್ಲ, ಗುಮಾಸ್ತರ ಕೈಯಲ್ಲಿ ಏನೂ ಇಲ್ಲ. ಜನರಿಗೆ ಆಡಳಿತದ ಮೇಲೆ ನಂಬಿಕೆ ಇಲ್ಲದ ಕಡೆ ಇದಕ್ಕೆ ಬೆಲೆಯಿದೆ.

ಆದರೆ ಲಾಟರಿಗೆ ಕಣ್ಣಿಲ್ಲ. ಸಮತೋಲನ ಬೇಕಿದ್ದರೆ ಚೀಟಿ ಎತ್ತುವ ಮೊದಲೇ ಡಬ್ಬಗಳನ್ನು ಬೇರೆ ಮಾಡಬೇಕು. ಇಷ್ಟು ಮನೆ ಈ ಆದಾಯದವರಿಗೆ, ಇಷ್ಟು ಗಾಲಿಕುರ್ಚಿ ಬಳಸುವವರಿಗೆ, ಇಷ್ಟು ಮಕ್ಕಳಿಲ್ಲದವರಿಗೆ. ಡಬ್ಬ ಎಷ್ಟು, ಯಾವ ಡಬ್ಬಕ್ಕೆ ಎಷ್ಟು ಮನೆ ಅನ್ನೋದರಲ್ಲಿ ನಿಜವಾದ ತೀರ್ಮಾನ ಅಡಗಿರುತ್ತೆ. ಲಾಟರಿ ಮಾಡಿದೆವು, ನಮ್ಮ ಕೈವಾಡ ಏನಿಲ್ಲ ಅಂದರೆ ಒಪ್ಪಬೇಡಿ. ಡಬ್ಬದ ಲೆಕ್ಕ ಕೇಳಿ.

ಜನರೇ ಆರಿಸಿಕೊಳ್ಳಲಿ

1990ರ ಸುಮಾರಿಗೆ ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ನಗರದಲ್ಲಿ ಹೊಸ ಪದ್ಧತಿ ಬಂತು. ಖಾಲಿ ಮನೆಯನ್ನು ಜಾಹೀರಾತು ಮಾಡುವುದು, ಬೇಕಾದವರು ಹೆಸರು ಹಾಕುವುದು. ಹಾಕಿದವರಲ್ಲಿ ಆದ್ಯತೆ ಯಾರಿಗೆ ಜಾಸ್ತಿಯೋ ಅವರಿಗೆ ಮನೆ. 2001ರ ಹೊತ್ತಿಗೆ ಇಂಗ್ಲೆಂಡಿನಲ್ಲೂ ಪ್ರಯೋಗ ಶುರುವಾಯಿತು. ಅಧಿಕಾರಿ ತೋರಿಸಿದ ಮನೆಗೆ ತಲೆಯಾಡಿಸುವುದಕ್ಕೂ ತಾನೇ ಆರಿಸಿದ ಮನೆಗೆ ಬರುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಆರಿಸಿಕೊಂಡು ಬಂದವರಿಗೆ ಆ ಜಾಗ ತನ್ನದು ಅನ್ನಿಸುತ್ತೆ.

ತೊಂದರೆ ಇರೋದು ಇನ್ನೊಂದು ತುದಿಯಲ್ಲಿ. ಇನ್ನು ಹದಿನೈದು ದಿನದಲ್ಲಿ ಆಶ್ರಯಧಾಮ ಬಿಡಬೇಕಾದ ತಾಯಿ ಆರಿಸೋಕೆ ಹೋಗಲ್ಲ. ಸಿಕ್ಕಿದ್ದಕ್ಕೆ ಹೆಸರು ಹಾಕುತ್ತಾಳೆ. ಕಾಯುವಷ್ಟು ತ್ರಾಣ ಇರುವವರು ಒಳ್ಳೆ ಬಡಾವಣೆಗೆ ಕಾಯುತ್ತಾರೆ. ಹೀಗೆ ಯಾರೂ ಹೇಳದಿದ್ದರೂ ಜನ ತಾವಾಗೇ ಬೇರೆ ಬೇರೆ ಗುಂಪಾಗುತ್ತಾರೆ. ಇಂಟರ್ನೆಟ್ ಬಾರದವರು, ಭಾಷೆ ಬಾರದವರು ಪಟ್ಟಿಯಲ್ಲಿ ಇದ್ದೂ ಇಲ್ಲದ ಹಾಗೆ. ಅವರ ಪರವಾಗಿ ಹೆಸರು ಹಾಕಿಕೊಡೋಕೆ ಒಬ್ಬ ಮನುಷ್ಯ ಬೇಕೇ ಬೇಕು.

ಹೊಸ ಬಡಾವಣೆಗೆ ಈ ಪದ್ಧತಿಯನ್ನು ಬಳಸುವಾಗ ಜಾಹೀರಾತಿನಲ್ಲೇ ಗುರುತು ಹಾಕಬಹುದು: ಈ ಮನೆಗೆ ಒಂದು ಮಗು ಇರುವವರಿಗೆ ಆದ್ಯತೆ, ಈ ಮನೆಗೆ ದೊಡ್ಡ ಮನೆ ಬಿಟ್ಟುಕೊಡುವವರಿಗೆ ಆದ್ಯತೆ. ಆಯ್ಕೆಯೂ ಉಳಿಯುತ್ತೆ, ಮಿಶ್ರಣವೂ ಆಗುತ್ತೆ.

ಬಡಾವಣೆಗೇ ಒಂದು ಹಂಚಿಕೆ ಯೋಜನೆ

ಇಂಗ್ಲೆಂಡಿನ ಕಾಯ್ದೆ ಇದಕ್ಕೂ ಜಾಗ ಬಿಟ್ಟಿದೆ. ಮಾಮೂಲಿ ಆದ್ಯತೆಯ ಜತೆಗೆ, ನಿರ್ದಿಷ್ಟ ಮನೆಗಳನ್ನು ನಿರ್ದಿಷ್ಟ ಬಗೆಯ ಜನರಿಗೆ ಮೀಸಲಿಡಬಹುದು. ಒಟ್ಟಾರೆ ಹಂಚಿಕೆಯಲ್ಲಿ ಅಗತ್ಯ ಇರುವವರೇ ಮುಂದಿರಬೇಕು ಅನ್ನೋ ಮಾತು ಹಾಗೇ ಇರುತ್ತೆ. ದೊಡ್ಡ ಹೊಸ ಬಡಾವಣೆಗೆ ನನ್ನ ಓಟು ಇದಕ್ಕೇ. ಆದರೆ ಎಲ್ಲ ಯೋಜನೆಗಳೂ ಒಂದೇ ಅಲ್ಲ. ಒಳಗೆ ಯಾವ ಷರತ್ತಿದೆ ಅಂತ ಬಿಡಿಸಿ ನೋಡಬೇಕು.

ಮಕ್ಕಳ ಸಂಖ್ಯೆಗೆ ಮಿತಿ. ಇದು ಕೆಲಸ ಮಾಡುವ ಷರತ್ತು, ಯಾರಿಗೂ ಅವಮಾನ ಮಾಡಲ್ಲ. ಒಂದು ಮೆಟ್ಟಿಲ ಸಾಲಿಗೆ, ಅಂದರೆ ಒಂದೇ ಮೆಟ್ಟಿಲು ಬಳಸುವ ಮನೆಗಳಿಗೆ, ಎಷ್ಟು ಮಕ್ಕಳು ಅಂತ ನೋಡಿ, ಇಡೀ ಬಡಾವಣೆಯ ಸರಾಸರಿ ಸಾಲದು. ವಯಸ್ಸನ್ನೂ ನೋಡಿ. ಎಲ್ಲ ಐದು ವರ್ಷದವರೇ ಆದರೆ ಮೇಲೆ ಹೇಳಿದ ಹಾಗೆ ಎಲ್ಲರೂ ಒಟ್ಟಿಗೇ ಹದಿಹರೆಯಕ್ಕೆ ಬರೋದು ತಪ್ಪಲ್ಲ.

ಒಂದು ಕೋಣೆ ಹೆಚ್ಚಿಗೆ ಕೊಡುವುದು. ಮಕ್ಕಳ ದಟ್ಟಣೆ ಇಳಿಸೋಕೆ ಇದು ಸುಲಭದ ಉಪಾಯ. ಆದರೆ ಇಲ್ಲೊಂದು ಗುಂಡಿ ಇದೆ. ಇಂಗ್ಲೆಂಡಿನಲ್ಲಿ 2013ರ ಏಪ್ರಿಲ್‌ನಿಂದ, ದುಡಿಯುವ ವಯಸ್ಸಿನ ಬಾಡಿಗೆದಾರರ ಮನೆಯಲ್ಲಿ ಒಂದು ಕೋಣೆ ಹೆಚ್ಚಿದ್ದರೆ ಬಾಡಿಗೆಗೆ ಸಿಗುವ ಸರ್ಕಾರಿ ನೆರವಿನ ಲೆಕ್ಕದಲ್ಲಿ ಶೇ 14 ಕಡಿತ. ಎರಡು ಅಥವಾ ಹೆಚ್ಚು ಇದ್ದರೆ ಶೇ 25. ಸಮತೋಲನದ ಹೆಸರಲ್ಲಿ ನೀವು ಕೊಟ್ಟ ಆ ಕೋಣೆ ಅವರ ತಲೆಯ ಮೇಲೆ ಸಾಲವಾಗುತ್ತೆ. ಪಿಂಚಣಿ ವಯಸ್ಸಿನವರಿಗೆ ಈ ಕಡಿತ ಇಲ್ಲ. ಅದಕ್ಕೇ ನನ್ನ ಲೆಕ್ಕದಲ್ಲಿ ವೃದ್ಧ ದಂಪತಿಗಳು ಬಂದಿದ್ದು. ನೀವು ಇರುವ ಕಡೆ ನೆರವಿನ ನಿಯಮ ಏನು ಅಂತ ನೋಡದೆ ಈ ಷರತ್ತು ಬರೆಯಬೇಡಿ.

ಕೆಲಸ ಇರುವವರಿಗೆ ಪಾಲು. ತುಂಬಾ ಜನಪ್ರಿಯ, ತುಂಬಾ ತಕರಾರಿನದು. ಲಂಡನ್‌ನ ಈಲಿಂಗ್ ಪ್ರದೇಶದ ಆಡಳಿತ ಶೇ 20ರಷ್ಟು ಮನೆಗಳನ್ನು ದುಡಿಯುವ ಸಂಸಾರಗಳಿಗೆ ಮತ್ತು ಬಾಡಿಗೆ ಸರಿಯಾಗಿ ಕಟ್ಟಿಕೊಂಡು ಬಂದ ಹಳೇ ಬಾಡಿಗೆದಾರರಿಗೆ ಎತ್ತಿಟ್ಟಿತು. ಇದರಿಂದ ಅಂಗವಿಕಲರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಅನ್ಯಾಯ ಅಂತ ವಿಷಯ ಕೋರ್ಟ್ ಮೆಟ್ಟಿಲೇರಿತು. ಯೋಚಿಸಿ ನೋಡಿ. ಕಾಯಿಲೆಯ ಗಂಡನನ್ನು ದಿನವಿಡೀ ನೋಡಿಕೊಳ್ಳುವ ಹೆಂಗಸು ಕಾಗದದ ಮೇಲೆ ನಿರುದ್ಯೋಗಿ. ಮಧ್ಯಾಹ್ನ ಮೂರು ಗಂಟೆಗೆ ಬಡಾವಣೆಯಲ್ಲಿ ಎಚ್ಚರವಾಗಿ ಇರುವವಳು, ಬಿದ್ದ ಮಗುವನ್ನು ಎತ್ತುವವಳು ಅವಳೇ. ಕೆಲಸದ ಪಾಲು ಇಡಲೇಬೇಕು ಅಂದರೆ ಆರೈಕೆ ಮಾಡುವವರು, ತರಬೇತಿಯಲ್ಲಿರುವವರು, ಊರ ಕೆಲಸಕ್ಕೆ ಸಮಯ ಕೊಡುವವರು, ನಿವೃತ್ತರು, ದುಡಿಯಲಾರದ ಅಂಗವಿಕಲರು ಎಲ್ಲರೂ ಅದರೊಳಗೆ ಬರುವ ಹಾಗೆ ಬರೆಯಿರಿ.

ಸ್ಥಳೀಯರಿಗೆ ಆದ್ಯತೆ. ಕಟ್ಟಡಕ್ಕೆ ಒಪ್ಪಿಗೆ ಕೊಡಿಸೋಕೆ ರಾಜಕಾರಣಿಗಳು ಮೊದಲು ಕೊಡುವ ಭರವಸೆ ಇದು. ನಂಟರು, ಶಾಲೆ ಹತ್ತಿರ ಉಳಿಯುತ್ತೆ ಅನ್ನೋದು ನಿಜವೇ. ಆದರೆ ಈಗಾಗಲೇ ಒಂದೇ ಬಣ್ಣದ ಜನ ಇರುವ ಕಡೆ ಸ್ಥಳೀಯರಿಗೆ ಅಂದರೆ ಅದೇ ಬಣ್ಣ ಮುಂದುವರಿಯುತ್ತೆ. ನ್ಯೂಯಾರ್ಕ್‌ನ ಲಾಟರಿಯಲ್ಲಿ ಅರ್ಧದಷ್ಟು ಮನೆ ಆಯಾ ಭಾಗದವರಿಗೇ ಮೀಸಲಿತ್ತು. ಇದು ನಗರದ ಜನಾಂಗೀಯ ಬೇಲಿಗಳನ್ನು ಗಟ್ಟಿ ಮಾಡುತ್ತೆ ಅಂತ 2015ರಲ್ಲಿ ದಾವೆ ಬಿತ್ತು. ಕೊನೆಗೆ 2024ರ ರಾಜಿಯಲ್ಲಿ ಆ ಪಾಲನ್ನು ಶೇ 20ಕ್ಕೆ ಇಳಿಸಿದರು.

ಇನ್ನು ವೇಗ. 60 ಕೀಲಿಯನ್ನು ಒಂದೇ ಸೋಮವಾರ ಕೊಡಬೇಡಿ. ವಾರಕ್ಕೆ ಎಂಟು ಹತ್ತು ಮನೆಯಂತೆ ಕೊಡಿ. ಒಂದೂವರೆ ಎರಡು ತಿಂಗಳ ಬಾಡಿಗೆ ಸ್ವಲ್ಪ ಹೋಗುತ್ತೆ, ಲೆಕ್ಕದವರು ಗೊಣಗುತ್ತಾರೆ. ಗೊಣಗಲಿ. ಮೊದಲ ವಾರ ಬಂದವರು ಮೂರನೇ ವಾರ ಬಂದವರಿಗೆ ಹಳಬರಾಗಿರುತ್ತಾರೆ.

ಹೊರಗಿಡುವ ನಿಯಮ

ಸಮತೋಲನ ಅನ್ನೋ ಪದಕ್ಕೆ ಇನ್ನೊಂದು ಮುಖ ಇದೆ. ನೆದರ್‌ಲೆಂಡ್ಸ್‌ನಲ್ಲಿ 2006ರಿಂದ ಜಾರಿಯಲ್ಲಿರುವ ಒಂದು ಕಾಯ್ದೆಯನ್ನು ಜನ ರೋಟರ್‌ಡ್ಯಾಮ್ ಕಾಯ್ದೆ ಅಂತಲೇ ಕರೆಯುತ್ತಾರೆ. ಗುರುತು ಮಾಡಿದ ಬಡಾವಣೆಗಳಿಗೆ, ಆ ನಗರ ಪ್ರದೇಶದಲ್ಲಿ ಆರು ವರ್ಷ ವಾಸ ಇರದ, ದುಡಿಮೆಯ ಆದಾಯವೂ ಇಲ್ಲದ ಹೊಸಬರು ಬರುವ ಹಾಗಿಲ್ಲ. ಸರ್ಕಾರಿ ನೆರವಿನಲ್ಲಿ ಬದುಕುತ್ತಿದ್ದ, ಇಬ್ಬರು ಮಕ್ಕಳ ಒಬ್ಬ ತಾಯಿ ರೋಟರ್‌ಡ್ಯಾಮ್‌ನ ಟಾರ್ವೆವೈಕ್ ಅನ್ನೋ ಅಂಥ ಬಡಾವಣೆಯಲ್ಲೇ ವಾಸವಿದ್ದರು. ಅಲ್ಲೇ ಇನ್ನೊಂದು ಮನೆಗೆ ಹೋಗಬೇಕು ಅಂದರೆ ಪರವಾನಗಿ ಸಿಗಲಿಲ್ಲ. ವಿಷಯ ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ತನಕ ಹೋಯಿತು. 2017ರಲ್ಲಿ 12–5 ಬಹುಮತದಿಂದ ನ್ಯಾಯಾಲಯ ಸರ್ಕಾರದ ಪರ ನಿಂತಿತು.

ಕಾನೂನಿನಲ್ಲಿ ಗೆದ್ದಿತು, ಸರಿ. ಬಡಾವಣೆ ಸುಧಾರಿಸಿತೇ? 2015ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದಾಗ ಸುರಕ್ಷತೆಯಲ್ಲಾಗಲಿ ಬದುಕಿನ ಗುಣಮಟ್ಟದಲ್ಲಾಗಲಿ ಹೇಳಿಕೊಳ್ಳುವ ಫಲ ಕಾಣಲಿಲ್ಲ. ಬಡವರಿಗೆ ಮನೆ ಸಿಗುವ ದಾರಿ ಮಾತ್ರ ಕಿರಿದಾಯಿತು. ಪಾಲು ಇಡುವುದಕ್ಕೂ ಬಾಗಿಲು ಹಾಕುವುದಕ್ಕೂ ಇರುವ ಅಂತರ ಇಷ್ಟೇ: ಪಾಲು ಇಟ್ಟಾಗ ಒಬ್ಬರು ಬೇರೆ ಮನೆಗೆ ಹೋಗುತ್ತಾರೆ, ಬಾಗಿಲು ಹಾಕಿದಾಗ ಅವರು ಎಲ್ಲಿಗೆ ಹೋದರು ಅಂತ ಯಾರೂ ಕೇಳಲ್ಲ.

ಸಿಂಗಪುರದ್ದು ಬೇರೆ ಕತೆ. ಅಲ್ಲಿ ಹತ್ತರಲ್ಲಿ ಎಂಟರಷ್ಟು ಜನ ಇರೋದು ಸರ್ಕಾರ ಕಟ್ಟಿದ ಮನೆಗಳಲ್ಲಿ, ಅದರಲ್ಲೂ ಹೆಚ್ಚಿನವರು ಕೊಂಡುಕೊಂಡವರು. 1989ರಿಂದ ಪ್ರತಿ ಕಟ್ಟಡಕ್ಕೂ ಪ್ರತಿ ನೆರೆಹೊರೆಗೂ ಚೀನೀ, ಮಲಯ್, ಭಾರತೀಯ ಮತ್ತು ಇತರ ಮೂಲದವರಿಗೆ ಗರಿಷ್ಠ ಮಿತಿ ಇದೆ. ಒಂದು ಸಮುದಾಯದ ಕೇರಿ ಅಂತ ಆಗದ ಹಾಗೆ ಅದು ತಡೆದಿದೆ. ಬೆಲೆ ತೆತ್ತವರು ಅಲ್ಪಸಂಖ್ಯಾತ ಮಾಲೀಕರು. ಚೀನೀ ಮೂಲದವರ ಮಿತಿ ತುಂಬಿದ ಕಟ್ಟಡದಲ್ಲಿ ಅವರು ಚೀನೀ ಮೂಲದವರಿಗೆ ಮಾರುವ ಹಾಗಿಲ್ಲ, ಕೊಳ್ಳುವವರು ಸಿಗಲ್ಲ, ದರ ಬೀಳುತ್ತೆ. ತೀರಾ ಕಷ್ಟವಾದವರಿಂದ ಮನೆಯನ್ನು ತಾನೇ ಕೊಳ್ಳುವುದಾಗಿ ವಸತಿ ಮಂಡಳಿ 2022ರಲ್ಲಿ ಹೇಳಿತು. ದೇಶದ ಮನೆಗಳೆಲ್ಲ ಹೆಚ್ಚುಕಡಿಮೆ ಸರ್ಕಾರ ಕಟ್ಟಿದ್ದೇ ಆಗಿದ್ದಾಗ ನಡೆಯುವ ನಿಯಮವನ್ನು 60 ಮನೆಯ ಕಟ್ಟಡಕ್ಕೆ ನಕಲು ಮಾಡೋಕೆ ಹೋಗಬೇಡಿ.

ವಿಯೆನ್ನಾ ಮಾಡಿದ್ದೇನು?

ಈ ವಿಷಯ ಬಂದಾಗಲೆಲ್ಲ ಯಾರಾದರೂ ವಿಯೆನ್ನಾ ಅನ್ನುತ್ತಾರೆ. ಅಲ್ಲಿ ನಗರದ ಸುಮಾರು ಅರ್ಧ ಜನ ನಗರಾಡಳಿತದ ಮನೆಗಳಲ್ಲೋ ನೆರವು ಪಡೆದ ಸೀಮಿತ ಲಾಭದ ಸಂಸ್ಥೆಗಳ ಮನೆಗಳಲ್ಲೋ ಇದ್ದಾರೆ. ಆದಾಯದ ಮಿತಿ ಎಷ್ಟು ಮೇಲಿದೆ ಅಂದರೆ ಮಧ್ಯಮ ವರ್ಗದವರೂ ಅರ್ಜಿ ಹಾಕಬಹುದು. ಒಮ್ಮೆ ಒಳಗೆ ಬಂದ ಮೇಲೆ ಆದಾಯ ಏರಿದರೆ ಹೊರಗೆ ಹಾಕಲ್ಲ. ಹೀಗಾಗಿ ಯಾವ ಪಾಲೂ ಇಲ್ಲದೆ ಮಿಶ್ರಣ ತಾನಾಗೇ ಆಗುತ್ತೆ. 1930ರಲ್ಲಿ ತೆರೆದ, ಒಂದು ಕಿಲೋಮೀಟರಿಗೂ ಉದ್ದದ ಕಾರ್ಲ್ ಮಾರ್ಕ್ಸ್ ಹೋಫ್ ಅನ್ನೋ ನಗರಾಡಳಿತದ ವಸತಿ ಕಟ್ಟಡದ ವಿಳಾಸ ಹೇಳಿಕೊಳ್ಳೋಕೆ ಅಲ್ಲಿ ಯಾರಿಗೂ ನಾಚಿಕೆಯಿಲ್ಲ.

ನನಗೂ ಇದು ಇಷ್ಟವೇ. ಆದರೆ ಅದು ನೂರು ವರ್ಷ ಕಟ್ಟುತ್ತಲೇ ಬಂದ ನಗರಕ್ಕೆ ದಕ್ಕುವ ದಾರಿ. ಮನೆ 60, ಕಾಯುವವರು ಸಾವಿರಾರು ಅನ್ನೋ ಕಡೆ ಆದಾಯದ ಮಿತಿ ಏರಿಸಿದರೆ ಏನಾಗುತ್ತೆ? ಸಂಬಳದವರು ಒಳಗೆ, ಆಶ್ರಯಧಾಮದಲ್ಲಿದ್ದವರು ಅಲ್ಲೇ.

ಫ್ರಾನ್ಸ್ ಹಿಡಿದದ್ದು ಬೇರೆ ಕೊನೆ. ಬಡಾವಣೆಯ ಒಳಗಿನ ಮಿಶ್ರಣಕ್ಕಿಂತ ಊರೂರಿನ ನಡುವೆ ಹಂಚಿಕೆ ಮುಖ್ಯ ಅನ್ನೋ ನಿಲುವು ಅದರದು. 2000ದ ಕಾಯ್ದೆ ದೊಡ್ಡ ನಗರ ಪ್ರದೇಶಗಳ ಊರುಗಳಿಗೆ ಶೇ 20 ಸಾಮಾಜಿಕ ವಸತಿ ಕಡ್ಡಾಯ ಮಾಡಿತು. 2013ರಲ್ಲಿ ಬಹಳಷ್ಟು ಕಡೆ ಅದು ಶೇ 25 ಆಯಿತು. ತಪ್ಪಿದರೆ ದಂಡ. ದಂಡ ಕಟ್ಟಿ ಸುಮ್ಮನಾಗುವ ಶ್ರೀಮಂತ ಊರುಗಳೂ ಇವೆ, ಅದು ಬೇರೆ ಮಾತು. 2017ರಲ್ಲಿ ಇನ್ನೊಂದು ಸೇರಿಸಿದರು: ಕಷ್ಟದ ಬಡಾವಣೆಗಳ ಹೊರಗೆ ಹಂಚುವ ಮನೆಗಳಲ್ಲಿ ಶೇ 25ರಷ್ಟು, ಅರ್ಜಿದಾರರಲ್ಲಿ ತೀರಾ ಬಡವರಾದ ಕಾಲು ಭಾಗಕ್ಕೆ ಹೋಗಬೇಕು. ದಿಕ್ಕನ್ನು ಗಮನಿಸಿ. ಬಡವರನ್ನು ಬಡ ಬಡಾವಣೆಯಿಂದ ದೂರ ಇಡುವ ಬದಲು, ಒಳ್ಳೆಯ ಬಡಾವಣೆಯ ಬಾಗಿಲು ಅವರಿಗೆ ತೆರೆಯುವ ಪಾಲು ಇದು. ರೋಟರ್‌ಡ್ಯಾಮ್‌ಗೆ ನೇರ ಉಲ್ಟಾ.

ಬೆರೆಸುವುದರಿಂದ ನಿಜವಾಗಿ ಏನು ಸಿಗುತ್ತೆ?

ಕೇಳಬೇಕಾದ ಪ್ರಶ್ನೆ. ಅಮೆರಿಕದ ಐದು ನಗರಗಳಲ್ಲಿ 1994ರಿಂದ ಸುಮಾರು 4,600 ಸಂಸಾರಗಳ ಜತೆ ದೊಡ್ಡ ಪ್ರಯೋಗ ನಡೆಯಿತು. ಲಾಟರಿಯಲ್ಲಿ ಗೆದ್ದ ಕೆಲವರಿಗೆ ಬಡತನ ಕಡಿಮೆ ಇರುವ ಕಡೆ ಹೋಗೋಕೆ ಬಾಡಿಗೆ ನೆರವು ಕೊಟ್ಟರು. ದೊಡ್ಡವರ ಆದಾಯ ಏರಲಿಲ್ಲ, ಮನಸ್ಸಿನ ನೆಮ್ಮದಿ ಮಾತ್ರ ಹೆಚ್ಚಿತು. 13 ವರ್ಷ ತುಂಬುವ ಮೊದಲೇ ಹೋದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ ಶೇ 31ರಷ್ಟು ಹೆಚ್ಚು ದುಡಿಯುತ್ತಿದ್ದರು ಅಂತ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜತೆಗಾರರು ಬಳಿಕ ತೋರಿಸಿದರು. ಹದಿಹರೆಯದಲ್ಲಿ ಹೋದವರಿಗೆ ಲಾಭವಾಗಲಿಲ್ಲ.

ಹಾಗಾದರೆ ಒಳ್ಳೆ ಬಡಾವಣೆಯ ಹೊಸ ಮನೆಗಳಲ್ಲಿ ಮೊದಲು ಹೋಗಬೇಕಾದವರು ಯಾರು? ಚಿಕ್ಕ ಮಕ್ಕಳಿರುವ ಬಡ ಸಂಸಾರಗಳು. ಮಕ್ಕಳ ಮಿತಿ ಹಾಕಿ ಅಂತ ಈಗ ತಾನೇ ಹೇಳಿದ ನಾನೇ ಇದನ್ನೂ ಹೇಳುತ್ತಿದ್ದೇನೆ. ಇವೆರಡರ ನಡುವೆ ಎಳೆದಾಟ ಇದೆ, ಅದನ್ನು ಮುಚ್ಚಿಡುವುದು ಬೇಡ. ಇಡೀ ಬಡಾವಣೆ ಸಾಮಾಜಿಕ ವಸತಿಯೇ ಆಗಿದ್ದರೆ ಮಿತಿ ಬಿಗಿಯಾಗಿರಲಿ. ಸುತ್ತ ಮಾರಿದ ಮನೆಗಳೇ ಹೆಚ್ಚಿದ್ದು ನಡುವೆ ಕೆಲವೇ ಬಾಡಿಗೆ ಮನೆ ಇದ್ದರೆ ಮಿತಿ ಸಡಿಲಿಸಿ, ಚಿಕ್ಕ ಮಕ್ಕಳಿಗೆ ಜಾಗ ಬಿಡಿ.

ಎಲ್ಲಿ ಇಡೋದು: ಚೆದುರಿಸಿಯೋ, ಗುಂಪಾಗಿಯೋ?

ಖಾಸಗಿ ಮನೆಗಳ ನಡುವೆ ಒಂದೊಂದಾಗಿ ಚೆದುರಿಸಿದರೆ ಯಾವುದು ಯಾರದು ಅಂತ ಗೊತ್ತಾಗಲ್ಲ. ಆದರ್ಶ ಅದೇ. ವಸತಿ ಸಂಸ್ಥೆಗಳು ಒಪ್ಪಲ್ಲ. ಸೋರುವ ನಲ್ಲಿ ನೋಡೋಕೆ ಹತ್ತು ಮೆಟ್ಟಿಲ ಸಾಲು ಹತ್ತಿ ಇಳಿಯಬೇಕು, ಹತ್ತು ಮಾಲೀಕರ ಸಂಘದ ಜತೆ ಹೆಣಗಬೇಕು. ಆರರಿಂದ ಹದಿನೈದು ಮನೆಗಳ ಚಿಕ್ಕ ಚಿಕ್ಕ ಗುಂಪು, ಹೊರಗಿಂದ ನೋಡಿದರೆ ಒಂದೇ ಥರದ ಇಟ್ಟಿಗೆ, ಒಂದೇ ಥರದ ಬಾಗಿಲು. ನಡುದಾರಿ ಅಂದರೆ ಇದು, ನಡೆಯುತ್ತೆ ಕೂಡ.

ಪ್ರವೇಶ ಬಾಗಿಲೇ ಬೇರೆಯಾದರೆ ಮಾತ್ರ ಎಲ್ಲ ಕೆಡುತ್ತೆ. ಮೇಲೆ ಹೇಳಿದ 88,000 ಅರ್ಜಿಯ ಆ ಕಟ್ಟಡದಲ್ಲೇ ಬಡವರಿಗೆ ಬೇರೆ ಬಾಗಿಲು ಇತ್ತು. ಗಲಾಟೆ ಎಷ್ಟಾಯಿತು ಅಂದರೆ 2015ರಲ್ಲಿ ಅಂಥ ಬಾಗಿಲುಗಳಿಗೆ ಕಾನೂನಿನಿಂದಲೇ ತಡೆ ಬಿತ್ತು. 2019ರಲ್ಲಿ ಲಂಡನ್‌ನ ಲ್ಯಾಂಬೆತ್‌ನ ಒಂದು ಬಡಾವಣೆಯಲ್ಲಿ ಬಾಡಿಗೆ ಮನೆಯ ಮಕ್ಕಳು ಆಟದ ಬಯಲಿಗೆ ಹೋಗದ ಹಾಗೆ ಪೊದೆ ಬೇಲಿ ಅಡ್ಡ ಇತ್ತು. ತಮ್ಮ ಕಿಟಕಿಯಿಂದ ಬಯಲು ಕಾಣುತ್ತಿತ್ತು, ಇಳಿಯುವ ಹಾಗಿರಲಿಲ್ಲ. ಮಾರಿದ ಮನೆಯ ನೆರೆಯವರೂ ದನಿಗೂಡಿಸಿದರು ಅನ್ನೋದು ಸಮಾಧಾನದ ಸಂಗತಿ. ಬೇಲಿ ಹೋಯಿತು.

ಕಟ್ಟುವವರ ಕಡೆಗೂ ಒಂದು ಮಾತಿದೆ, ಕೇಳಬೇಕು. ಕಾವಲು, ಜಿಮ್, ಹೂದೋಟದ ಖರ್ಚು ಎಲ್ಲರ ಮೇಲೂ ಬಿದ್ದರೆ ಕಡಿಮೆ ಬಾಡಿಗೆ ಕಡಿಮೆಯಾಗಿ ಉಳಿಯಲ್ಲ. ಅದಕ್ಕೇ ಬೇರೆ ಬಾಗಿಲು ಅನ್ನುತ್ತಾರೆ. ಉತ್ತರ ನಕ್ಷೆಯ ಹಂತದಲ್ಲೇ ಇದೆ. ಮೆಟ್ಟಿಲು, ಲಿಫ್ಟ್, ಆಟದ ಬಯಲು ಎಲ್ಲರದು, ಖರ್ಚೂ ಎಲ್ಲರದು. ಜಿಮ್‌ನಂಥದ್ದು ಬೇಕಾದವರು ದುಡ್ಡು ಕೊಟ್ಟು ಸೇರಲಿ.

ಮೊದಲ ಹಂಚಿಕೆ ಮುಗಿದ ಮೇಲೆ

ಯೋಜನೆಗೆ ಮುಗಿಯುವ ದಿನಾಂಕ ಹಾಕಿ. ಮೊದಲ ಹಂಚಿಕೆ ಮತ್ತು ಆಮೇಲಿನ ಎರಡು ಮೂರು ವರ್ಷ ಸಾಕು. ಆ ಬಳಿಕ ಖಾಲಿಯಾಗುವ ಒಂದೊಂದೇ ಮನೆ ಮಾಮೂಲಿ ಅಗತ್ಯದ ಪಟ್ಟಿಗೇ ಹೋಗಲಿ. ದಿನಾಂಕ ಹಾಕದ ವಿಶೇಷ ನಿಯಮಗಳು ಹತ್ತು ವರ್ಷವಾದರೂ ಹಾಗೇ ಉಳಿಯುತ್ತವೆ. ಯಾಕೆ ಬರೆದದ್ದು ಅಂತ ನೆನಪಿರುವವರು ಕಚೇರಿಯಲ್ಲಿ ಯಾರೂ ಇರಲ್ಲ.

ಆಗಲೇ ಒಂದೇ ಬಗೆಯ ಜನ ತುಂಬಿರುವ ಬಡಾವಣೆಯನ್ನು ಸರಿಮಾಡೋಕೆ ಯಾರ್ಕ್ ಹತ್ತಿರದ ನ್ಯೂ ಇಯರ್ಸ್‌ವಿಕ್‌ನಲ್ಲಿ ಮಾಡಿದ ಉಪಾಯ ಒಂದಿದೆ. ಖಾಲಿಯಾದ ಮನೆಗಳಲ್ಲಿ ಒಂದನ್ನು ಬಾಡಿಗೆಗೆ, ಮುಂದಿನದನ್ನು ಮಾರಾಟಕ್ಕೆ. ಮಾರಿದ ಹಣದಲ್ಲಿ ಬೇರೆ ಕಡೆ ಬಾಡಿಗೆ ಮನೆ. ಯಾರನ್ನೂ ಎಬ್ಬಿಸಲ್ಲ, ಮನೆಗಳ ಸಂಖ್ಯೆಯೂ ಇಳಿಯಲ್ಲ. ನಿಧಾನ ಮಾತ್ರ.

ಇನ್ನು, ಯೋಜನೆಯಿಂದಾಗಿ ಮನೆ ತಪ್ಪಿದವರಿಗೆ ಹೋಗುವ ಪತ್ರ. ಪಟ್ಟಿಯಲ್ಲಿ ಮೇಲಿದ್ದೂ ಮನೆ ಸಿಗದ ಮೂರು ಮಕ್ಕಳ ತಾಯಿಗೆ "ಸಮತೋಲನದ ದೃಷ್ಟಿಯಿಂದ" ಅಂತ ಒಂದು ಸಾಲು ಬರೆದು ಕಳಿಸಬೇಡಿ. ಈ ಮೆಟ್ಟಿಲ ಸಾಲಿನಲ್ಲಿ ಮಕ್ಕಳ ಮಿತಿ ಎಷ್ಟಿತ್ತು, ಎಷ್ಟು ತುಂಬಿತ್ತು ಅಂತ ಬರೆಯಿರಿ. ವೃದ್ಧ ದಂಪತಿಗಳು ಬಿಟ್ಟುಬಂದ ಮೂರು ಕೋಣೆಯ ಮನೆ ಎಲ್ಲಿದೆ, ಅದನ್ನು ನೋಡೋಕೆ ಯಾವ ದಿನ ಬರಬಹುದು ಅಂತ ಬರೆಯಿರಿ. ಕೆಳಗೆ ಒಬ್ಬ ಮನುಷ್ಯನ ಹೆಸರು, ಫೋನ್ ನಂಬರ್.